ರಜೆಗೆ ಹೈದರಾಬಾದೋ, ದಾಂಡೇಲಿಯೋ? ಎರಡೂ ನೋಡಿ ಬಂದ ಮೇಲೆ

ರಾಯಚೂರಿನವರಿಗೆ ದೊಡ್ಡ ಊರು ಅಂದ್ರೆ ಬೆಂಗಳೂರಲ್ಲ, ಹೈದರಾಬಾದ್. ಬೆಂಗಳೂರಿಗೆ ಹೋಗಬೇಕಾದರೆ ರಾತ್ರಿಯೆಲ್ಲ ರೈಲಲ್ಲಿ ಕಳೆಯಬೇಕು. ಹೈದರಾಬಾದ್ ಅದರ ಅರ್ಧ ದೂರವೂ ಇಲ್ಲ. 1956ರಲ್ಲಿ ಕನ್ನಡದವರೆಲ್ಲ ಒಂದು ರಾಜ್ಯಕ್ಕೆ ಸೇರುವವರೆಗೆ ನಾವೂ ಹೈದರಾಬಾದ್ ರಾಜ್ಯದ ಜನವೇ. ಈಗಲೂ ದೊಡ್ಡ ಆಸ್ಪತ್ರೆಗೆ, ಮದುವೆ ಜವಳಿಗೆ, ವಿಮಾನ ಹತ್ತೋದಕ್ಕೆ ನಮ್ಮ ಮುಖ ಅತ್ತ ಕಡೆಗೇ. ಹಾಗಾಗಿ ರಜೆ ಬಂತು ಅಂದ್ರೆ ನಮ್ಮ ಮನೆಯಲ್ಲಿ ಮೊದಲು ಏಳೋ ಹೆಸರೂ ಅದೇ.

ಎರಡನೇ ಹೆಸರು ಬಂದಿದ್ದು ಮಗಳ ಮೊಬೈಲಿಂದ. ಪಿಯುಸಿ ಓದೋ ಹುಡುಗಿ. ರೀಲ್ಸ್ ತೆಗೆದರೆ ಸಾಕು, ದಾಂಡೇಲಿ. ಹೆಲ್ಮೆಟ್ಟು, ಗಾಳಿ ತುಂಬಿದ ದೋಣಿ, ಬಿಳಿ ನೊರೆ, ಕಿರುಚಾಟ. "ಅಮ್ಮಾ, ಎಷ್ಟ್ ಸಲ ಅಂತ ಚಾರ್‌ಮಿನಾರ್ ನೋಡೂದು?" ಅಂತ ಶುರು ಮಾಡಿದಳು. ಅವಳ ಮಾತಲ್ಲಿ ನ್ಯಾಯ ಇತ್ತು. ಹಾಗಂತ ಮನೆಯಲ್ಲಿ ಅವಳೊಬ್ಬಳೇ ಇಲ್ಲವಲ್ಲ. ಮಂಡಿ ನೋವಿನ ಅತ್ತೆ ಇದ್ದಾರೆ. ಐದನೇ ಕ್ಲಾಸಿನ ಮಗ ಇದ್ದಾನೆ. ಶಕ್ತಿನಗರದ ಥರ್ಮಲ್ ಸ್ಟೇಷನ್ನಿನಲ್ಲಿ ಶಿಫ್ಟ್ ಡ್ಯೂಟಿ ಮಾಡೋ ಯಜಮಾನರಿದ್ದಾರೆ. ನಾನು ಸರ್ಕಾರಿ ಶಾಲೆ ಟೀಚರ್. ಸಮೀಕ್ಷೆ, ಚುನಾವಣೆ, ತರಬೇತಿ ಯಾವುದೂ ಅಡ್ಡ ಬರದ ರಜೆ ನಮಗೆ ಸಿಗೋದೇ ಅಪರೂಪ. ಕೊನೆಗೆ ದಸರಾ ರಜೆಗೆ ಹೈದರಾಬಾದ್, ಬೇಸಿಗೆ ರಜೆಗೆ ದಾಂಡೇಲಿ ಅಂತ ರಾಜಿ ಆಯಿತು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸಿಟಿ ಅಂದ್ರೆ ಗಡಿಬಿಡಿ, ಕಾಡು ಅಂದ್ರೆ ಆರಾಮ ಅಂತ ಎಲ್ಲರೂ ಹೇಳ್ತಾರೆ. ನಮಗೆ ಆಗಿದ್ದು ಪೂರ್ತಿ ಉಲ್ಟಾ. ಹೈದರಾಬಾದಿನಲ್ಲಿ ನಾವು ಗಡಿಯಾರ ನೋಡಿದ್ದು ಮ್ಯೂಸಿಯಮ್ಮಿನಲ್ಲಿ ಮಾತ್ರ. ದಾಂಡೇಲಿಯಲ್ಲಿ ಬೆಳಗಿನ ಜಾವದ ಸಫಾರಿಯಿಂದ ಹಿಡಿದು ರಾತ್ರಿ ಊಟದವರೆಗೆ ಎಲ್ಲದಕ್ಕೂ ಟೈಮು.

ಹೈದರಾಬಾದಿನ ದಾರಿ ನಮಗೆ ಬಾಯಿಪಾಠ. ಶಕ್ತಿನಗರ ದಾಟಿ ಕೃಷ್ಣಾ ಸೇತುವೆ ಹತ್ತಿದರೆ ಆಚೆ ದಡ ತೆಲಂಗಾಣ. ಮಖ್ತಲ್, ಮಹಬೂಬ್‌ನಗರ, ಜಡ್‌ಚರ್ಲಾ, ಅಲ್ಲಿಂದ ದೊಡ್ಡ ಹೆದ್ದಾರಿ. 2023ರ ಅಕ್ಟೋಬರಿಂದ ಮಹಬೂಬ್‌ನಗರದ ಮೇಲೆ ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿಗೆ ರೈಲೂ ಇದೆ. ಮುಂಚೆ ರೈಲಲ್ಲಿ ಹೋಗಬೇಕಾದರೆ ವಾಡಿ ಸುತ್ತಬೇಕಿತ್ತು. ಹೊಸ ರೈಲು ಅಗ್ಗ, ಆದರೆ ಸಣ್ಣ ಸಣ್ಣ ಸ್ಟೇಷನ್ನಲ್ಲೂ ನಿಂತು ನಿಂತು ಹೋಗುತ್ತೆ. ನಾವು ಬಸ್ ಹಿಡಿದೆವು. ಬಸ್ ಹತ್ತಿದ ಮೇಲೆ ಅತ್ತೆ ಆಧಾರ್ ಕಾರ್ಡ್ ತೆಗೆದು ಕಂಡಕ್ಟರ್ ಮುಂದೆ ಹಿಡಿದರು. "ಅಮ್ಮಾರ, ಫ್ರೀ ನಮ್ಮ ರಾಜ್ಯದಾಗಷ್ಟೇರಿ" ಅಂದ ಅವನು. ಶಕ್ತಿ ಯೋಜನೆ ಹೊರರಾಜ್ಯಕ್ಕೆ ಹೋಗೋ ಬಸ್ಸಿಗೆ ಇಲ್ಲ. ಇದನ್ನ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಹೆಂಗಸರು ಜಾಸ್ತಿ ಇದ್ದರೆ ದಾಂಡೇಲಿಗೆ ಸರ್ಕಾರಿ ಬಸ್ಸಲ್ಲಿ ಹೋಗೋ ಖರ್ಚು ಹೆಚ್ಚು ಕಡಿಮೆ ಗಂಡಸರ ಟಿಕೆಟ್ ಅಷ್ಟೇ.

ಬಸ್ಸು ಇಳಿಸೋದು ಮಹಾತ್ಮ ಗಾಂಧಿ ಬಸ್ ಸ್ಟೇಷನ್ನಿನಲ್ಲಿ. ನಮ್ಮ ಕಡೆ ಹಳಬರು ಈಗಲೂ ಇಮ್ಲಿಬನ್ ಅಂತಾರೆ. ಅಲ್ಲೇ ಪಕ್ಕದಲ್ಲಿ ಮೆಟ್ರೋ ಸ್ಟೇಷನ್. 2017ರ ನವೆಂಬರಲ್ಲಿ ಮೆಟ್ರೋ ಶುರುವಾದ ಮೇಲೆ ಈ ಊರು ವಯಸ್ಸಾದವರಿಗೆ ಎಷ್ಟು ಹಗುರ ಆಗಿದೆ ಅನ್ನೋದನ್ನ ಅತ್ತೆ ಜೊತೆ ಹೋದಾಗಲೇ ತಿಳಿದಿದ್ದು. ಲಿಫ್ಟ್ ಇದೆ, ತಂಪು ಬೋಗಿ ಇದೆ, ಅಜ್ಜಿ ಅಂತ ಕಂಡ ಕೂಡಲೇ ಹುಡುಗರು ಎದ್ದು ಸೀಟು ಬಿಡ್ತಾರೆ. ಹಳೇ ಊರಿನ ಒಳಗೆ, ಅಂದ್ರೆ ಚಾರ್‌ಮಿನಾರ್ ಹತ್ತಿರಕ್ಕೆ, ನಾವು ಹೋದಾಗ ಮೆಟ್ರೋ ಇರಲಿಲ್ಲ. ಆಟೋದವರ ಜೊತೆ ಚೌಕಾಸಿ ಮಾಡಲೇಬೇಕು. ನಮಗೆ ತೆಲುಗೂ ಬರುತ್ತೆ, ಉರ್ದೂನೂ ಬರುತ್ತೆ. ರಾಯಚೂರಿನವರಾದರೆ ಅರ್ಧ ಹಣ ಅಲ್ಲೇ ಉಳಿಯುತ್ತೆ ನೋಡಿ.

ಸಾಲಾರ್ ಜಂಗ್ ಮ್ಯೂಸಿಯಂ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ನಮ್ಮ ಐದು ಜನರಲ್ಲಿ ಐದೂ ಜನಕ್ಕೆ ಇಷ್ಟವಾದ ಜಾಗ ಅದೊಂದೇ. ನಿಜಾಮರ ದಿವಾನರಾಗಿದ್ದ ಒಂದು ಮನೆತನದವರು ಕೂಡಿಟ್ಟ ಸಾಮಾನು ಅದು. 1951ರಲ್ಲಿ ಜನರಿಗೆ ತೆರೆದದ್ದು. ಅಲ್ಲೊಂದು ಇಂಗ್ಲಿಷ್ ಗಡಿಯಾರ ಇದೆ. ಮುಂದೆ ಸಾಲು ಕುರ್ಚಿ. ಹನ್ನೆರಡಕ್ಕೆ ಇನ್ನೂ ಹೊತ್ತಿದೆ ಅನ್ನುವಾಗಲೇ ಟಾಕೀಸಿನಲ್ಲಿ ಕೂತ ಹಾಗೆ ಜನ ಕೂತಿರ್ತಾರೆ. ಗಡಿಯಾರದೊಳಗೆ ಒಬ್ಬ ಪುಟ್ಟ ಕಮ್ಮಾರ ಸೆಕೆಂಡಿಗೊಂದು ಸಲ ಸುತ್ತಿಗೆ ಬಡಿತಾನೇ ಇರ್ತಾನೆ. ಗಂಟೆ ಹತ್ತಿರ ಬಂದಾಗ ಚಿಕ್ಕ ಬಾಗಿಲಿಂದ ಗಡ್ಡದವನೊಬ್ಬ ಹೊರಗೆ ಬರ್ತಾನೆ. ಎಷ್ಟು ಗಂಟೆಯೋ ಅಷ್ಟು ಏಟು ಜಾಗಟೆ ಹೊಡೆದು ಸುಮ್ನೆ ಒಳಗೆ ಹೋಗ್ತಾನೆ. ಅಷ್ಟೇ. ಅಷ್ಟಕ್ಕೆ ಇಡೀ ಹಾಲ್ ಉಸಿರು ಹಿಡಿದು ಕೂತಿರುತ್ತೆ. "ಒಂದು ಗಂಟಿಗೆ ಬಂದ್ರ ಒಂದೇ ಏಟು, ಹನ್ನೆರಡಕ್ಕ ಬಂದ್ರ ಹನ್ನೆರಡು. ಟಿಕೆಟ್ ರೇಟ್ ಮಾತ್ರ ಅಷ್ಟೇ" ಅಂತ ಲೆಕ್ಕ ಹೇಳಿದ್ದು ಮಗ. ನೀವೂ ಹನ್ನೆರಡಕ್ಕೇ ಹೋಗಿ.

ಅತ್ತೆ ಮನಸೋತಿದ್ದು ಬೇರೆ ಕಡೆ. ಮುಖಕ್ಕೆ ತೆಳು ಮುಸುಕು ಹಾಕಿಕೊಂಡ ರೆಬೆಕಾ ಅನ್ನೋ ಹೆಣ್ಣಿನ ಅಮೃತಶಿಲೆ ಮೂರ್ತಿ. ಇಟಲಿಯ ಬೆನ್ಜೋನಿ ಅನ್ನೋ ಶಿಲ್ಪಿ ಮಾಡಿದ್ದು, ಆ ಮನೆತನದವರು 1876ರಲ್ಲಿ ಕೊಂಡು ತಂದದ್ದು. ಮುಸುಕೂ ಕಲ್ಲು, ಮುಸುಕಿನ ಒಳಗೆ ಕಾಣೋ ಮೂಗು ತುಟಿನೂ ಅದೇ ಕಲ್ಲು. ಅತ್ತೆ ಬಹಳ ಹೊತ್ತು ನಿಂತು ನೋಡಿದರು. "ಸೆರಗು ಆಮ್ಯಾಲೆ ಹೊದಿಸ್ಯಾರೇನವಾ?" ಅಂತ ನನ್ನ ಕೇಳಿದರು. ಅಲ್ಲ ಅಂದೆ. ನಂಬಲಿಲ್ಲ. ಪಕ್ಕದಲ್ಲಿದ್ದ ಕಾವಲಿನವನನ್ನೂ ತೆಲುಗಲ್ಲಿ ಕೇಳಿ, ಅವನೂ ಅಲ್ಲ ಅಂದ ಮೇಲೆ ಮುಂದಕ್ಕೆ ನಡೆದರು. ಅಲ್ಲಿ ಅಲ್ಲಲ್ಲಿ ಬೆಂಚು ಇದೆ. ಮಂಡಿ ನೋವಿನವರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇಡ.

ಸಿಟಿಯ ಗುಣ ಗೊತ್ತಾಗೋದು ಇಂಥ ಜಾಗದಲ್ಲೇ. ಬೇಕು ಅಂದವರು ಹೋಗಬಹುದು, ಬೇಡ ಅಂದವರು ಕೂರಬಹುದು. ಚಾರ್‌ಮಿನಾರಿನ ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಹೋಗಿದ್ದು ಅಪ್ಪ ಮಕ್ಕಳು. ನಾನು ಅತ್ತೆ ಕೆಳಗೆ ಲಾಡ್ ಬಜಾರಿನಲ್ಲಿ ಅರಗಿನ ಬಳೆ ಅಂಗಡಿಯ ಸ್ಟೂಲ್ ಮೇಲೆ. 1591ರಲ್ಲಿ ಕಟ್ಟಿದ್ದನ್ನ ನೋಡೋಕೆ ಬಂದವರು ಜಾಸ್ತಿಯೋ, ಬಳೆ ಕೊಳ್ಳೋಕೆ ಬಂದವರು ಜಾಸ್ತಿಯೋ ಅಂತ ಕೇಳಿದರೆ ನನ್ನ ಓಟು ಬಳೆಗೆ. ಅಂಗಡಿಯವನು ಅರಗನ್ನ ಕಾಸಿ, ಉದ್ದಕ್ಕೆ ಹೊಸೆದು, ಸುತ್ತಿ, ಬಿಸಿ ಇರುವಾಗಲೇ ಚಿಮಟದಲ್ಲಿ ಒಂದೊಂದೇ ಹರಳು ಕೂಡಿಸೋದನ್ನ ನಮ್ಮ ಕಣ್ಣ ಮುಂದೆಯೇ ಮಾಡಿದ. ನನ್ನ ಕೈ ಅಳತೆಗೆ ಸರಿಯಾಗಿ.

ಗೋಲ್ಕೊಂಡಾ ಕೋಟೆಯೂ ಹಾಗೆಯೇ. ಬಾಗಿಲ ಹತ್ತಿರದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯ ಬಾಲಾ ಹಿಸಾರ್‌ಗೆ ಕೇಳುತ್ತೆ. ಶತ್ರು ಬಂದರೆ ಮೇಲಿನವರಿಗೆ ತಿಳಿಯಲಿ ಅಂತ ಹಾಗೆ ಕಟ್ಟಿದ್ದು. ಅತ್ತೆ ಕೆಳಗೆ ಚಪ್ಪಾಳೆ ತಟ್ಟೋದು, ಮೊಮ್ಮಗ ಮೇಲೆ ಕೇಳಿಸಿಕೊಳ್ಳೋದು ಅಂತ ಒಪ್ಪಂದ ಆಯಿತು. ದಸರಾ ರಜೆ ಅಲ್ವಾ, ಕೆಳಗೆ ಜಾತ್ರೆಯಷ್ಟು ಜನ. ಎಲ್ಲರೂ ತಟ್ಟೋರೇ. ಮೇಲೆ ಸದ್ದು ಬಂತಂತೆ, ಆದರೆ ಅದರಲ್ಲಿ ಅಜ್ಜಿದು ಯಾವುದು ಅಂತ ಗೊತ್ತಾಗಲಿಲ್ಲ ಅಂತ ಬೆವರು ಒರೆಸಿಕೊಂಡು ಇಳಿದು ಬಂದ.

ನಾವು ಹೋದಾಗ ತೆಲಂಗಾಣದ ಹೂವಿನ ಹಬ್ಬ ಬತುಕಮ್ಮ ನಡೀತಿತ್ತು. ತಂಗಡಿ ಹೂವು, ಚೆಂಡು ಹೂವು ಸುತ್ತು ಸುತ್ತಾಗಿ ಗೋಪುರದಂತೆ ಜೋಡಿಸಿ, ನಡುವೆ ಇಟ್ಟು, ಸುತ್ತ ಹೆಂಗಸರು ಚಪ್ಪಾಳೆ ಹಾಕಿ ಹಾಡ್ತಾ ತಿರುಗ್ತಾರೆ. ನಮ್ಮ ಲಾಡ್ಜಿನ ಹಿಂದಿನ ಓಣಿಯಲ್ಲೇ ಸಂಜೆ ಶುರುವಾಯಿತು. ಅತ್ತೆಯ ತವರು ಮಖ್ತಲ್ ಕಡೆ. ನೋಡ್ತಾ ನಿಂತವರು ಯಾವಾಗ ಸುತ್ತಿನೊಳಗೆ ಸೇರಿಕೊಂಡರೋ ಗೊತ್ತಾಗಲಿಲ್ಲ. ಮಂಡಿ ನೋವು ಆ ಹೊತ್ತಿಗೆ ಎಲ್ಲಿ ಹೋಗಿತ್ತೋ! ಇದಕ್ಕೆ ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ, ಯಾವ ಪ್ಯಾಕೇಜಲ್ಲೂ ಇಲ್ಲ. ಬನ್ನಿ ಮುಡಿಯೋ ದಿನಕ್ಕೆ ಮನೆ ಸೇರಬೇಕು ಅಂತ ಹೊರಡುವಾಗ ಷರತ್ತು ಹಾಕಿದ್ದೂ ಅವರೇ, ಇನ್ನೊಂದು ದಿನ ಇರೋಣ ಅಂದಿದ್ದೂ ಅವರೇ.

ದೂರು ಇಲ್ಲ ಅಂತಲ್ಲ. ಲಾಡ್ಜಿನವರು ಫೋನಲ್ಲಿ "ಫ್ಯಾಮಿಲಿ ರೂಮ್" ಅಂದಿದ್ದರು. ಹೋಗಿ ನೋಡಿದರೆ ಎರಡು ಮಂಚ ಜೋಡಿಸಿ ಪಕ್ಕಕ್ಕೆ ಒಂದು ಹಾಸಿಗೆ ಬಿಸಾಕಿದ್ದರು. ಕಿಟಕಿ ತೆಗೆದರೆ ಪಕ್ಕದ ಗೋಡೆ. ಹಾರ್ನ್ ಸದ್ದು ಮಧ್ಯರಾತ್ರಿಯವರೆಗೆ. ಊರಲ್ಲಿ ದುಡ್ಡು ಹೋಗೋದೂ ಗೊತ್ತಾಗಲ್ಲ. ಒಂದೊಂದೇ ನೂರು, ಇನ್ನೂರು ಅಂತ ಸೋರಿ ಹೋಗಿ ಸಂಜೆ ಲೆಕ್ಕ ಹಾಕಿದಾಗ ಎದೆ ಧಸಕ್ ಅನ್ನುತ್ತೆ. ಆದರೆ ಊಟದ ವಿಷಯದಲ್ಲಿ ಒಂದು ಮಾತೂ ಆಡೋ ಹಾಗಿಲ್ಲ. ಯಜಮಾನರಿಗೆ ಮಗಳಿಗೆ ಬಿರಿಯಾನಿ, ಅತ್ತೆಗೆ ಬಂಡಿ ಮೇಲಿನ ಬಿಸಿ ಪೆಸರಟ್ಟು, ನನಗೆ ಇರಾನಿ ಚಹಾ ಜೊತೆ ಉಸ್ಮಾನಿಯಾ ಬಿಸ್ಕತ್ತು. ಯಾರ ಹಸಿವಿಗೆ ಯಾರೂ ಕಾಯಬೇಕಾಗಿಲ್ಲ.

ಈಗ ದಾಂಡೇಲಿ. ಇದಕ್ಕೆ ಕಾರಲ್ಲಿ ಹೋದೆವು. ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ, ಧಾರವಾಡ, ಹಳಿಯಾಳ. ಇಡೀ ದಿನದ ದಾರಿ, ಅದನ್ನ ಚೆನ್ನಾಗಿ ತಿಳಿದುಕೊಂಡೇ ಹೊರಡಿ. ಅತ್ತೆಗೋಸ್ಕರ ಅಂಜನಾದ್ರಿ ಹತ್ತಿರ ನಿಲ್ಲಿಸಿದೆವು. 575 ಮೆಟ್ಟಿಲು ಹತ್ತೋಕಾಗದೆ ಅವರು ಕೆಳಗಿಂದಲೇ ಕೈ ಮುಗಿದರು. ಮೇ ತಿಂಗಳು. ಗದಗದವರೆಗೆ ಕಾರಿನ ಗಾಜು ಮುಟ್ಟಿದರೆ ಕೈ ಸುಡ್ತಿತ್ತು. ಹಳಿಯಾಳ ದಾಟಿದ ಮೇಲೆ ತೇಗದ ಕಾಡು ಶುರುವಾಯಿತು, ಮಗ ಎಸಿ ಬಂದ್ ಮಾಡಿ ಗಾಜು ಇಳಿಸಿದ. ರಾಯಚೂರಿನ ಬೇಸಿಗೆ ಕಂಡವರಿಗೆ ಬರೀ ಅಷ್ಟಕ್ಕೇ ಅರ್ಧ ದುಡ್ಡು ವಸೂಲಿ.

ದಾಂಡೇಲಿ ಅಂದ್ರೆ ಕಾಡಿನ ನಡುವಿನ ಹಳ್ಳಿ ಅಂತ ತಿಳಿದು ಹೋಗಬೇಡಿ. ಪೇಪರ್ ಮಿಲ್ಲು, ಮರದ ಡಿಪೋ, ಬಸ್ ಸ್ಟ್ಯಾಂಡು, ಸಂತೆ ಎಲ್ಲ ಇರೋ ಪೇಟೆ ಅದು. ರಾಫ್ಟಿಂಗ್, ಅಂದ್ರೆ ಆ ಗಾಳಿ ದೋಣಿಯ ಸವಾರಿ, ನಡೆಯೋದು ಅಲ್ಲಿ ಅಲ್ಲವೇ ಅಲ್ಲ. ಅದು ಜೋಯಿಡಾ ತಾಲೂಕಿನ ಗಣೇಶಗುಡಿ ಹತ್ತಿರ, ಕಾಳಿ ನದಿಯಲ್ಲಿ, ಸೂಪಾ ಡ್ಯಾಂನ ಕೆಳಗೆ. ಪೇಟೆಯಿಂದ ಕಾಡು ದಾರಿಯಲ್ಲಿ ಇನ್ನೂ ಅರ್ಧ ಮುಕ್ಕಾಲು ಗಂಟೆ. ರೂಮ್ ಬುಕ್ ಮಾಡುವಾಗ "ದಾಂಡೇಲಿ" ಅಂತ ನೋಡಿ ಮಾಡಿದರೆ ದಿನಾ ಇಷ್ಟು ಓಡಾಟ ಗ್ಯಾರಂಟಿ. ರಾಫ್ಟಿಂಗೇ ಮುಖ್ಯ ಅನ್ನೋರು ಗಣೇಶಗುಡಿ ಕಡೆ ಇಳಿದುಕೊಳ್ಳಿ. ಸಫಾರಿ, ಹಕ್ಕಿ ಅನ್ನೋರು ದಾಂಡೇಲಿ, ಕುಳಗಿ ಕಡೆ.

ನಮಗೆ ರಾಫ್ಟಿಂಗ್ ಒಂಬತ್ತಕ್ಕೆ ಅಂದಿದ್ದರು. ಎಂಟೂವರೆಗೇ ದಂಡೆಯಲ್ಲಿದ್ದೆವು. ಹತ್ತಾಯಿತು, ಹತ್ತೂವರೆ ಆಯಿತು. ನದಿಯಲ್ಲಿ ಬಂಡೆ ಜಾಸ್ತಿ, ನೀರು ಕಡಿಮೆ. ಗೈಡ್ ಹುಡುಗರು ದೋಣಿ ಮೇಲೆ ಮಲಗಿದ್ದಾರೆ. ಕೇಳಿದರೆ "ಮೇಲಿಂದ ನೀರು ಬಿಡಬೇಕು ಮೇಡಂ" ಅಂದರು. ಅಲ್ಲಿದ್ದ ಪುಣೆ ಕಡೆಯವರೆಲ್ಲ ಕಿರಿಕಿರಿ ಶುರು ಮಾಡಿದರು. ನಮ್ಮ ಯಜಮಾನರಿಗೆ ಮಾತ್ರ ಮುಖದಲ್ಲಿ ಕಳೆ ಬಂತು. ಅವರ ಫೀಲ್ಡು ಅಲ್ವಾ.

ವಿಷಯ ಇಷ್ಟು. ಸೂಪಾ ಡ್ಯಾಂ 101 ಮೀಟರ್ ಎತ್ತರ. ಅದರ ಬುಡದಲ್ಲಿ 50 ಮೆಗಾವಾಟಿನ ಎರಡು ಯಂತ್ರ. ಕರೆಂಟಿಗೆ ಬೇಡಿಕೆ ಜಾಸ್ತಿ ಆದಾಗ ಯಂತ್ರ ತಿರುಗಿಸ್ತಾರೆ, ಆಗ ನದಿಗೆ ನೀರು ಬರುತ್ತೆ. ಬೇಡಿಕೆ ಇಲ್ಲ ಅಂದ್ರೆ ನಿಲ್ಲಿಸ್ತಾರೆ, ನದಿ ಇಳಿಯುತ್ತೆ. ರಾಫ್ಟಿಂಗ್ ನಡೆಯೋದು ಆ ನೀರಲ್ಲಿ. "ನಮ್ಮದು ಕಲ್ಲಿದ್ದಲು. ಒಂದು ಯೂನಿಟ್ ಬಂದ್ ಆದ್ರ ಮತ್ತ ಬಿಸಿ ಮಾಡಿ ಎಬ್ಬಸಾಕ ತಾಸುಗಟ್ಟಲೆ ಬೇಕು. ಇದು ನೀರು, ಗೇಟ್ ತೆಗೆದ್ರ ಆತು. ಅದಕ್ಕ ಸಂಜಿ ಹೊತ್ತು, ಬೆಳಿಗ್ಗಿ ಹೊತ್ತು ಲೋಡ್ ಏರಿದಾಗ ಇದನ್ನ ಓಡಸ್ತಾರ" ಅಂತ ಪುಣೆಯವರಿಗೆಲ್ಲ ಹಿಂದಿಯಲ್ಲಿ ಪಾಠ ಮಾಡಿದರು. ಶಕ್ತಿನಗರದ್ದು 1,720 ಮೆಗಾವಾಟ್, ಇಲ್ಲಿದ್ದು ಬರೀ 100. ಆದರೂ ಎರಡೂ ಕೆಪಿಸಿಎಲ್‌ದೇ, ಅಂದ್ರೆ ಕರ್ನಾಟಕ ವಿದ್ಯುತ್ ನಿಗಮದ್ದೇ. ತಮ್ಮ ಕಂಪನಿ ನೀರು ಬಿಟ್ಟರೇ ಮಗಳ ರೀಲ್ಸ್ ಆಗೋದು ಅಂತ ಅವರಿಗೆ ಒಳಗೊಳಗೇ ಖುಷಿ. ಸೂಪಾ ಅನ್ನೋ ಊರು ಈ ಡ್ಯಾಂನ ನೀರಲ್ಲೇ ಮುಳುಗಿದ್ದು ಅನ್ನೋದನ್ನೂ ಅಲ್ಲೇ ಒಬ್ಬ ಹಿರಿಯರು ಹೇಳಿದರು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಗಿದ್ದು ಆಗಲೇ ಅಂತೆ.

ಹನ್ನೊಂದು ದಾಟಿದ ಮೇಲೆ ನೀರು ಬಂತು. ಬಂಡೆಗಳು ಒಂದೊಂದಾಗಿ ಮುಳುಗಿದವು. ಆಮೇಲೆ ಎಲ್ಲ ಚುರುಕು. ಗೈಡ್ ನೇಪಾಳದ ಹುಡುಗ, ಕನ್ನಡ ಹಿಂದಿ ಕಲಸಿ ಮಾತಾಡ್ತಾನೆ. ಲೈಫ್ ಜಾಕೆಟ್ ಹಾಕಿ ಬಕಲ್ ಬಿಗಿದ ಮೇಲೆ ಭುಜದ ಪಟ್ಟಿ ಎರಡೂ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ಜಾಕೆಟ್ ಕಿವಿಯ ತನಕ ಬಂದರೆ ಸಡಿಲ ಇದೆ ಅಂತ ಅರ್ಥ, ಮತ್ತೆ ಬಿಗಿಯಬೇಕು. ನನ್ನದನ್ನ ಇನ್ನೂ ಎರಡು ಸಲ ಬಿಗಿದ, ಉಸಿರಾಡೋದೇ ಕಷ್ಟ ಅನ್ನೋ ಹಾಗೆ. ಇಷ್ಟು ಮಾಡದ ಕಡೆ ಹತ್ತಲೇಬೇಡಿ. ದೋಣಿಯಲ್ಲಿ ಜನ ಜಾಸ್ತಿ ತುಂಬಿಸಿದರೂ ಅಷ್ಟೇ, ಇಳಿದುಬಿಡಿ. ಕೂರೋದು ದೋಣಿಯ ಒಳಗಲ್ಲ, ಅಂಚಿನ ಮೇಲೆ. ಪಾದವನ್ನ ಅಡ್ಡ ಕೊಳವೆಯ ಅಡಿಗೆ ಸಿಗಿಸಿಕೊಳ್ಳಬೇಕು. ಫಾರ್ವರ್ಡ್ ಅಂದ್ರೆ ಹುಟ್ಟು ಹಾಕಬೇಕು, ಸ್ಟಾಪ್ ಅಂದ್ರೆ ಎತ್ತಬೇಕು, ಗೆಟ್ ಡೌನ್ ಅಂದ್ರೆ ಒಳಕ್ಕೆ ಕುಕ್ಕರಿಸಿ ಹಗ್ಗ ಹಿಡೀಬೇಕು. ಮೊದಲನೇ ಇಳಿಜಾರಲ್ಲಿ ಮುಖಕ್ಕೆ ನೀರು ಬಡಿದಾಗ ನನಗೆ ಆಗಿದ್ದು ಭಯ ಅಲ್ಲ, ಚಳಿ. ಡ್ಯಾಂನ ಆಳದಿಂದ ಬರೋ ನೀರು. ಮೇ ತಿಂಗಳಲ್ಲಿ ಹಲ್ಲು ಕಟಕಟ ಅನ್ನಿಸಿತು. ರಾಯಚೂರಿನ ನಲ್ಲಿಯಲ್ಲಿ ಆ ತಿಂಗಳು ಬರೋ ನೀರಲ್ಲಿ ಚಹಾ ಸೊಪ್ಪು ಹಾಕಬಹುದು! ಎರಡನೇ ಇಳಿಜಾರಿಗೆ ನಾನೂ ಕಿರುಚಿದೆ. ಮಗಳು ತಿರುಗಿ ನೋಡಿ ನಕ್ಕಳು. ಈ ಭಾಗಕ್ಕೆ ಒಂದು ಕೊರತೆಯನ್ನೂ ಹೇಳಲ್ಲ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಆದರೆ ಆ ದೋಣಿಯಲ್ಲಿ ನಮ್ಮ ಮನೆಯವರು ಇದ್ದದ್ದು ಇಬ್ಬರೇ. ಮಗನಿಗೆ ವಯಸ್ಸು ಸಾಲದು ಅಂತ ಬಿಡಲಿಲ್ಲ. ಬಿಡದೇ ಇದ್ದದ್ದು ಸರಿಯೇ, ಆದರೆ ಬುಕ್ ಮಾಡುವಾಗಲೇ ಅದನ್ನ ಹೇಳಬೇಕಿತ್ತು. ಅವನು ಅಪ್ಪನ ಜೊತೆ ದಂಡೆಯಲ್ಲಿ ಮುಖ ಊದಿಸಿಕೊಂಡು ಕೂತ. ಅತ್ತೆ ಮರದ ಕೆಳಗೆ ಟವೆಲ್ ಹಾಸಿಕೊಂಡು ಕೂತರು. ಪ್ಯಾಕೇಜು ಮಾತ್ರ ತಲೆಗಿಷ್ಟು ಅಂತ ಪೂರ್ತಿ. ನೀರು ತಡವಾಗಿ ಬಂದದ್ದಕ್ಕೆ ರಾಫ್ಟಿಂಗ್ ತಡವಾಯಿತು, ರಾಫ್ಟಿಂಗ್ ತಡವಾದದ್ದಕ್ಕೆ ಊಟ ತಪ್ಪಿತು. ಹೋಂಸ್ಟೇಯಲ್ಲಿ ಊಟ ಎರಡೂವರೆವರೆಗೆ ಮಾತ್ರ. ನಾವು ಹೋಗುವಷ್ಟರಲ್ಲಿ ಪಾತ್ರೆ ತೊಳೀತಿದ್ದರು. ಕೇಳಿಕೊಂಡ ಮೇಲೆ ಅನ್ನ ಸಾರು ಸಿಕ್ಕಿತು ಅನ್ನಿ. ಸುತ್ತಮುತ್ತ ಬೇರೆ ಹೋಟೆಲ್ಲೂ ಇಲ್ಲ. ಹೈದರಾಬಾದಿನಲ್ಲಿ ಮೂರು ಗಂಟೆಗೆ ಹಸಿವಾದರೆ ಮೂರು ಗಂಟೆಗೇ ತಿಂದಿದ್ದೆವು.

ಹೋಂಸ್ಟೇ ಬಗ್ಗೆ ಹೆಸರು ಹೇಳದೆ ಒಂದಿಷ್ಟು ಹೇಳ್ತೀನಿ. ಫೋಟೋದಲ್ಲಿ ಅಂಗಳದ ಆಚೆಗೇ ನದಿ. ಹೋಗಿ ನೋಡಿದರೆ ನದಿಗೆ ಜೀಪಲ್ಲಿ ಕರೆದುಕೊಂಡು ಹೋಗಬೇಕು. ರಾತ್ರಿ ಬೆಂಕಿ ಹಾಕಿ ದೊಡ್ಡ ಸ್ಪೀಕರು. ಅದಾದ ಮೇಲೆ ರೇನ್ ಡ್ಯಾನ್ಸು, ಅಂದ್ರೆ ಪೈಪಲ್ಲಿ ತೂತು ಮಾಡಿ ಮೇಲಿಂದ ನೀರು ಬಿಡೋದು, ಕೆಳಗೆ ಜನ ಕುಣಿಯೋದು. ಕಾಡು ನೋಡೋಕೆ ಬಂದು ಇದನ್ನ ಯಾಕೆ ಮಾಡ್ತಾರೋ ನನಗೆ ತಿಳಿಯಲಿಲ್ಲ. ಅತ್ತೆ ನಲ್ಲಿ ಬಂದ್ ಮಾಡೋದು ಎಲ್ಲಿದೆ ಅಂತ ಹುಡುಕ್ತಿದ್ದರು. ಮಗ ಮಾತ್ರ ಹಗಲಿನ ಸಿಟ್ಟನ್ನೆಲ್ಲ ಅಲ್ಲಿ ಕುಣಿದು ತೀರಿಸಿಕೊಂಡ. ಮೊಬೈಲ್ ನೆಟ್‌ವರ್ಕು ಐದು ಜನರಲ್ಲಿ ಒಬ್ಬರದ್ದಕ್ಕೆ ಸಿಕ್ಕಿತು. ಫೋನ್‌ಪೇ ನಂಬಿಕೊಂಡು ಹೋಗಬೇಡಿ, ಕೈಯಲ್ಲಿ ನೋಟು ಇರಲಿ.

ಸಫಾರಿ ನಡೆಯೋದು ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ. ಮುಂಚೆ ಅಣಶಿ-ದಾಂಡೇಲಿ ಅಂತಿದ್ದದ್ದು 2015ರಿಂದ ಈ ಹೆಸರು. ಕಪ್ಪು ಚಿರತೆ ಕಾಡು ಅಂತ ಎಲ್ಲ ಬೋರ್ಡಲ್ಲೂ ಚಿತ್ರ. ನಮಗೆ ಕಂಡಿದ್ದು ಕಾಡುಕೋಣ, ಜಿಂಕೆ, ಮತ್ತೆ ಬೆಕ್ಕಿನಷ್ಟು ದೊಡ್ಡ ಕೆಂದಳಿಲು. ಈ ಕಾಡು ದಟ್ಟ. ಬಂಡೀಪುರದ ಹಾಗೆ ದೂರದವರೆಗೆ ಕಣ್ಣು ಹಾಯಲ್ಲ. ಪ್ರಾಣಿ ಹತ್ತು ಹೆಜ್ಜೆ ಆಚೆ ನಿಂತಿದ್ದರೂ ಗೊತ್ತಾಗಲ್ಲ. ಹುಲಿ ನೋಡಲೇಬೇಕು ಅನ್ನೋ ಹಠ ಇದ್ದರೆ ಹೈದರಾಬಾದಿನ ಜೂ ಸಾಕು. ತಮಾಷೆಗೆ ಹೇಳ್ತಿಲ್ಲ, ಮಕ್ಕಳಿಗೆ ಅದೇ ಸರಿ.

ಅತ್ತೆಗೆ ದಾಂಡೇಲಿ ಒಲಿದಿದ್ದು ದುಡ್ಡಿಲ್ಲದ ಒಂದು ನೋಟದಿಂದ. ಸಂಜೆ ಚಹಾ ಕುಡೀತಾ ಕೂತಿದ್ದೆವು. ಮೇಲೆ ಜೋರಾಗಿ ಗಾಳಿ ಹಾಕಿದ ಹಾಗೆ ಬುಸ್ ಬುಸ್ ಅಂತ ಸದ್ದು. ತಲೆ ಎತ್ತಿದರೆ ಮಂಗಟ್ಟೆ ಹಕ್ಕಿ. ಕಪ್ಪು ಬಿಳುಪು ಮೈ, ಬಾಳೆಹಣ್ಣಿನ ಬಣ್ಣದ ದೊಡ್ಡ ಕೊಕ್ಕು, ಅದರ ಮೇಲೊಂದು ಕಿರೀಟ. ಅದು ರೆಕ್ಕೆ ಬಡಿಯೋ ಸದ್ದು ಅಷ್ಟು ದೊಡ್ಡದು. ಈ ಕಾಡಲ್ಲಿ ನಾಲ್ಕು ಜಾತಿ ಮಂಗಟ್ಟೆ ಇವೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲನ್ನ ಮೆತ್ತಿ ಮುಚ್ಚಿಕೊಳ್ಳುತ್ತೆ, ಸಣ್ಣ ಸಂದಿ ಮಾತ್ರ ಬಿಡುತ್ತೆ. ಮರಿ ದೊಡ್ಡದಾಗೋವರೆಗೆ ಗಂಡು ಹಣ್ಣು ತಂದು ಆ ಸಂದಿಯಿಂದ ತಿನ್ನಿಸಬೇಕು. ಅಡುಗೆಯವರು ಇದನ್ನ ಹೇಳಿದಾಗ ಅತ್ತೆ ನಮ್ಮ ಯಜಮಾನರ ಕಡೆ ತಿರುಗಿ, "ಕೇಳಿದಿ ಇಲ್ಲೋ?" ಅಂದರು.

ಹಾಗಾದರೆ ಯಾರು ಎಲ್ಲಿಗೆ? ನಮ್ಮ ಹಾಗೆ ಅಜ್ಜಿಯಿಂದ ಮೊಮ್ಮಗನವರೆಗೆ ಒಟ್ಟಿಗೆ ಹೋಗೋರಿಗೆ ಹೈದರಾಬಾದೇ ಸರಿ. ಸಿಟಿಯಲ್ಲಿ ಒಬ್ಬರಿಗೆ ಆಗದಿದ್ದರೆ ಇನ್ನೊಂದು ದಾರಿ ಇರುತ್ತೆ. ದಾಂಡೇಲಿಯಂಥ ಊರಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಬೇಕು. ಆ ಕೆಲಸಕ್ಕೆ ವಯಸ್ಸು, ಮಂಡಿ, ಧೈರ್ಯ, ಡ್ಯಾಂನ ನೀರು ಎಲ್ಲ ಕೂಡಿ ಬರಬೇಕು. ಇದಕ್ಕೆ ಸರಿಯಾದ ಗುಂಪು ಕಾಲೇಜು ಹುಡುಗ ಹುಡುಗಿಯರು, ಹೊಸದಾಗಿ ಮದುವೆಯಾದವರು, ಆಫೀಸಿನ ಗೆಳೆಯರು. ಒಟ್ಟು ಖರ್ಚು ನಮಗೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬಂತು. ಆದರೆ ಹೈದರಾಬಾದಿನಲ್ಲಿ ಮಾಡಿದ್ದಕ್ಕೆ ಮಾತ್ರ ದುಡ್ಡು, ದಾಂಡೇಲಿಯಲ್ಲಿ ಮಾಡದಿದ್ದಕ್ಕೂ ದುಡ್ಡು. ಅಲ್ಲಿಗೇ ಹೋಗ್ತೀವಿ ಅನ್ನೋರು ಪ್ಯಾಕೇಜ್ ತಗೋಬೇಡಿ. ರೂಮು, ಊಟ ಒಂದು ಕಡೆ, ರಾಫ್ಟಿಂಗ್ ಸಫಾರಿ ಹೋಗೋರಷ್ಟಕ್ಕೇ ಬೇರೆ ಮಾಡಿಸಿ. ವಯಸ್ಸಿನ ಮಿತಿ ಎಷ್ಟು ಅಂತ ಫೋನಲ್ಲೇ ಕೇಳಿ.

ನೀರಿನ ಆಟ ಒಗ್ಗುತ್ತೋ ಇಲ್ಲವೋ ಅಂತ ನೋಡಬೇಕು ಅಷ್ಟೇ ಅನ್ನೋರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗಂಗಾವತಿ ಆಚೆ ಸಾಣಾಪುರ ಕೆರೆಯಲ್ಲಿ ತೆಪ್ಪ ಇದೆ. ಸುತ್ತ ಬಂಡೆ, ನಡುವೆ ನೀರು. ತೆಪ್ಪ ನಡೆಸೋರು ನಡುನೀರಲ್ಲಿ ಬುಗುರಿ ತಿರುಗಿಸಿದ ಹಾಗೆ ತಿರುಗಿಸ್ತಾರೆ, ತಲೆ ಗಿರ್ ಅನ್ನುತ್ತೆ. ಬೆಳಿಗ್ಗೆ ರಾಯಚೂರು ಬಿಟ್ಟರೆ ರಾತ್ರಿ ಮನೆಯ ರೊಟ್ಟಿ ತಿನ್ನಬಹುದು. ಅಲ್ಲೂ ಜಾಕೆಟ್ ಕೇಳಿ ಹಾಕಿಕೊಳ್ಳಿ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಂನಿಂದ ನದಿಗೆ ನೀರು ಬಿಟ್ಟಾಗ ಆನೆಗುಂದಿ ಕಡೆ ಹೊಳೆಗೆ ಇಳಿಯೋ ಯೋಚನೆಯೇ ಬೇಡ.

ತಿಂಗಳನ್ನೂ ನೋಡಿಕೊಳ್ಳಿ. ಏಪ್ರಿಲ್ ಮೇನಲ್ಲಿ ಹೈದರಾಬಾದಿಗೆ ಹೋದರೆ ರಾಯಚೂರಿನ ಬಿಸಿಲಿಂದ ರಾಯಚೂರಿನಂಥದೇ ಬಿಸಿಲಿಗೆ ಹೋದ ಹಾಗೆ. ಮಳೆಗಾಲದಲ್ಲಿ ದಾಂಡೇಲಿಗೆ ಹೋದರೆ ರಾಫ್ಟಿಂಗ್ ಇರಲ್ಲ, ಹಸಿರು ನೋಡಿ ಬರಬೇಕು. ಹಾಗಾಗಿ ದಸರೆಗೆ ಆ ಕಡೆ, ಬೇಸಿಗೆಗೆ ಈ ಕಡೆ ಅನ್ನೋ ನಮ್ಮ ರಾಜಿ ಲೆಕ್ಕ ಹಾಕಿ ಮಾಡಿದ್ದಲ್ಲದಿದ್ದರೂ ಸರಿಯಾಗೇ ಕೂತಿತು. ವಾರದ ದಿನವೂ ಮುಖ್ಯ. ಸಾಲಾರ್ ಜಂಗ್‌ಗೆ ಶುಕ್ರವಾರ ರಜೆ, ಜೂಗೆ ಸೋಮವಾರ ರಜೆ, ಶನಿವಾರ ಭಾನುವಾರ ಚಾರ್‌ಮಿನಾರ್ ಹತ್ತಿರ ಕಾಲಿಡೋಕೆ ಜಾಗ ಇರಲ್ಲ. ಮಂಗಳವಾರ ಬೆಳಿಗ್ಗೆ ಇಲ್ಲಿಂದ ಬಸ್ ಹತ್ತಿ ಗುರುವಾರ ರಾತ್ರಿ ವಾಪಸ್ ಬಂದರೆ ಎಲ್ಲವೂ ತೆರೆದಿರುತ್ತೆ. ದಾಂಡೇಲಿಗೂ ವಾರದ ನಡುವೆಯೇ ಹೋಗಿ. ಶನಿವಾರ ಬಂತು ಅಂದ್ರೆ ಹುಬ್ಬಳ್ಳಿ, ಬೆಳಗಾವಿ ಕಡೆಯ ಕಾರೆಲ್ಲ ಅಲ್ಲೇ, ರೂಮಿನ ರೇಟೂ ಏರುತ್ತೆ, ದೋಣಿಗೆ ಸಾಲೂ ಉದ್ದ ಆಗುತ್ತೆ.